ಎಕ್ಕದ ಕಾಯಿ ಮೇಲಿನ ಕೆಂಪು ಹುಳ ಹತ್ತಿಗೆ ಬೀಳುತ್ತಾ?

ಬದುವಿನಹುಡುಗ:
ನಮ್ಮದು ರಾಣೆಬೆನ್ನೂರು ಕಡೆ, ಎರಡು ಎಕರೆ ಹತ್ತಿ. ಬದುವಿನ ಮೇಲೆ ನಾಲ್ಕು ಎಕ್ಕದ ಗಿಡ ಅದಾವೆ. ಕಾಯಿ ಬಲಿತಾಗಿನಿಂದ ಅದರ ತುಂಬ ಕೆಂಪು-ಕಪ್ಪು ಹುಳ. ಮರಿಗಳಂತೂ ಒಂದರ ಮೇಲೊಂದು. ದೊಡ್ಡವು ಹಿಂಭಾಗ ಕೂಡಿಸಿಕೊಂಡು ಜೋಡಿಯಾಗೇ ಓಡಾಡ್ತಾವೆ. "ಹತ್ತಿಗೆ ಬೀಳೋ ತಿಗಣೆ ಇವೇ, ಎಕ್ಕ ಕಡಿದು ಸುಡು" ಅಂತಾರೆ ಅಪ್ಪ. ಶನಿವಾರ ಹನುಮಪ್ಪನಿಗೆ ಅವ್ವ ಹಾರ ಕಟ್ಟೋದು ಇದೇ ಗಿಡದ ಹೂವಿನಿಂದ. ಕಡಿಯೋಕೆ ಮನಸ್ಸಿಲ್ಲ. ಇದು ಅದೇ ಹುಳಾನಾ?

ಎಕ್ಕದಮನೆ:
ಕಡಿಬೇಡ ತಮ್ಮಾ. ಒಂದು ಹುಳ ಹಿಡಿದು ಮಗುಚಿ ನೋಡು. ಹತ್ತಿಯ ಕೆಂಪು ತಿಗಣೆಗೆ ಹೊಟ್ಟೆ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ, ತಲೆಯ ಹಿಂದೆಯೂ ಬಿಳಿ ಕೊರಳಪಟ್ಟಿ ಇರುತ್ತೆ. ಎಕ್ಕದ್ದಕ್ಕೆ ಅವಿಲ್ಲ, ಬೆನ್ನ ಮೇಲೆ ಕತ್ತರಿ ಗುರುತಿನಂಥ ಕೆಂಪು-ಕಪ್ಪು ಚಿತ್ತಾರ. ಅದು ಬೀಜದ ತಿಗಣೆ, ಸ್ಪೈಲೊಸ್ಟೆಥಸ್ ಅಂತ ಅದರ ಕುಲದ ಹೆಸರು. ರೆಕ್ಕೆ ತುದಿಯ ಕಪ್ಪು ಪೊರೆಯಲ್ಲಿ ಬಿಳಿ ಚುಕ್ಕೆ ಇದ್ದರೆ ಅದರಲ್ಲಿ ಪಾಂಡುರಸ್ ಅನ್ನೋ ಜಾತಿ, ಬರೀ ಕಪ್ಪಿದ್ದರೆ ಹಾಸ್ಪೆಸ್ ಅನ್ನೋ ಜಾತಿ ಇರಬಹುದು.

ನಮ್ಮ ಹಿತ್ತಲ ಎಕ್ಕವನ್ನು ಹತ್ತು ವರ್ಷದಿಂದ ನೋಡ್ತಿದ್ದೀನಿ. ಕಾಯಿ ಒಡೆದು ರೇಷ್ಮೆಯಂಥ ಎಳೆ ಹೊರಬಂದಾಗ ಹತ್ತಿರ ಕೂತು ನೋಡು. ಎದೆಯಡಿ ಮಡಿಸಿಟ್ಟ ಸೂಜಿಮೂತಿ ಬಿಚ್ಚಿ, ಚಪ್ಪಟೆ ಕಂದು ಬೀಜಕ್ಕೆ ಚುಚ್ಚಿ, ಜೊಲ್ಲು ಬಿಟ್ಟು ತಿರುಳು ಕರಗಿಸಿ ಹೀರುತ್ತೆ. ಬೀಜವನ್ನು ಮೂತಿಗೆ ಸಿಕ್ಕಿಸಿಕೊಂಡೇ ನಡೆಯೋದನ್ನೂ ಕಂಡಿದ್ದೀನಿ. ಎಕ್ಕದ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುತ್ತೆ. ಆ ಕೆಂಪು ಬಣ್ಣ ಹಕ್ಕಿಗಳಿಗೆ ಎಚ್ಚರಿಕೆ. ಅದೇ ಎಲೆ ತಿಂದು ಬೆಳೆಯೋ ಪಟ್ಟೆ ಪಟ್ಟೆ ಕಂಬಳಿಹುಳು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆ ಆಗುತ್ತೆ. ಒಂದು ಗಿಡ ಕಡಿದರೆ ಇಷ್ಟೂ ಹೋಗುತ್ತೆ. ಎಕ್ಕದ ಹಾಲು ಮುಟ್ಟಿದ ಕೈ ಕಣ್ಣಿಗೆ ತಾಗಿಸಬೇಡ.

ಎರೆಹೊಲ:
ಅಕ್ಕಾರು ಹೇಳಿದ್ದು ಸರಿ. ಆದರೆ ಪಾಂಡುರಸ್ ಸೂರ್ಯಕಾಂತಿಗೂ ಎಳ್ಳಿಗೂ ಹೋಗುತ್ತೆ, ಪಕ್ಕದಲ್ಲಿ ಅವಿದ್ದರೆ ಕಾಳು ಕಟ್ಟುವಾಗ ಕಣ್ಣಿಡಿ. ಹತ್ತಿ ತಿಗಣೆ ಬೆಂಡೆ, ತುತ್ತಿ, ಬೂರುಗದ ಮೇಲೂ ಬದುಕುತ್ತೆ. ಬದುವಿನಲ್ಲಿ ತುತ್ತಿ ಇದೆಯಾ?

ಬದುವಿನಹುಡುಗ:
ಅಪ್ಪನ ಜೊತೆ ಹೋಗಿ ನೋಡಿದೆ. ಎಕ್ಕದ ಹುಳಕ್ಕೆ ಬಿಳಿ ಪಟ್ಟಿ ಇಲ್ಲ, ರೆಕ್ಕೆಯಲ್ಲಿ ಚುಕ್ಕೆಯೂ ಇಲ್ಲ. ಹತ್ತಿಯ ಕೊನೇ ಸಾಲಿನ ಒಡೆದ ಕಾಯಲ್ಲಿ ಎರಡು ಸಿಕ್ಕವು, ಅವಕ್ಕೆ ಪಟ್ಟಿ ಇತ್ತು. ಪಕ್ಕದಲ್ಲೇ ತುತ್ತಿ, ಅದರ ತುಂಬ ಮರಿ. ಅಪ್ಪ ಬಕೆಟ್‌ಗೆ ಸೀಮೆಎಣ್ಣೆ ನೀರು ಮಾಡಿ ಅವನ್ನೆಲ್ಲ ಜಾಡಿಸಿ ಹಾಕಿದರು. ಎಕ್ಕಕ್ಕೆ ಕೈ ಹಚ್ಚಿಲ್ಲ.