ಭೂತನಾಥ ಗುಡಿ ಕಪ್ಪು, ಆಕಾಶ ಚಂದ. ರಾ ಫೈಲ್ ಇದ್ದರೂ ಫೋಟೋ ಯಾಕೆ ಸಪ್ಪೆ?

ಖಣದಂಗಡಿ, ಗುಳೇದಗುಡ್ಡ

ಎಲ್ಲರಿಗೂ ನಮಸ್ಕಾರ್ರೀ. ನಾನು ಫೋಟೋಗ್ರಾಫರ್ ಅಲ್ಲ. ಗುಳೇದಗುಡ್ಡದಲ್ಲಿ ಒಂದು ಸಣ್ಣ ಖಣದ ಅಂಗಡಿ ಇದೆ. ಸೋಮವಾರ ರಜೆ. ಅವತ್ತು ಬೈಕ್ ತಗೊಂಡು ಬಾದಾಮಿಗೆ ಹೋಗೋದು ಒಂದು ಚಟ. ಕ್ಯಾಮೆರಾ ನಿಕಾನ್ ಡಿ5300. ಅಳಿಯ ಹೊಸದು ಕೊಂಡು ಹಳೆಯದನ್ನು ನನಗೆ ದಾಟಿಸಿದ. ಸಾಫ್ಟ್‌ವೇರ್ ಡಾರ್ಕ್‌ಟೇಬಲ್, ಯಾಕಂದ್ರೆ ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮೊನ್ನೆ ಬೆಳಿಗ್ಗೆ ಅಗಸ್ತ್ಯ ತೀರ್ಥ ಕೆರೆಯ ಊರ ಕಡೆಯ ದಂಡೆಯಲ್ಲಿ ನಿಂತು ಭೂತನಾಥ ಗುಡಿ ತೆಗೆದೆ. ಸೂರ್ಯ ಗುಡಿಯ ಹಿಂದಿನ ಬಂಡೆ ಮೇಲಿಂದ ಬಂದ. ಐಎಸ್ಒ 100, ಎಫ್8, 1/250. ಕ್ಯಾಮೆರಾ ಪರದೆಯಲ್ಲಿ ಆಕಾಶ ಬಲು ಚಂದ, ಗುಡಿ ಮಾತ್ರ ಕಾಡಿಗೆ ಡಬ್ಬಿ. ರಾ (ಕ್ಯಾಮೆರಾ ಕಂಡ ಬೆಳಕನ್ನು ತಿದ್ದದೆ ಹಾಗೇ ಇಟ್ಟ ಫೈಲ್) ಇದೆಯಲ್ಲ, ಮನೆಗೆ ಹೋಗಿ ನೆರಳು ಎತ್ತಿದರಾಯ್ತು ಅಂದುಕೊಂಡೆ. ‘ಶಾಡೋಸ್ ಅಂಡ್ ಹೈಲೈಟ್ಸ್’ ಅನ್ನೋ ಮಾಡ್ಯೂಲ್ (ಸಾಫ್ಟ್‌ವೇರ್ ಒಳಗಿನ ಒಂದು ಸಲಕರಣೆ) ತೆರೆದು ನೆರಳನ್ನು 100ರವರೆಗೂ ಎಳೆದೆ.

ಗುಡಿ ಕಂಡಿತು, ನಿಜ. ಆದರೆ ಗುಡ್ಡದ ಅಂಚಿನ ಗುಂಟ ಒಂದು ಬಿಳಿ ಪಟ್ಟಿ ಬಂತು, ಯಾರೋ ಸುಣ್ಣದಲ್ಲಿ ಗೆರೆ ಎಳೆದ ಹಾಗೆ. ಇಡೀ ಫೋಟೋ ನೀರು ಜಾಸ್ತಿಯಾದ ಸಾರಿನಂತೆ ಆಯಿತು. ಅವ್ವ ನೋಡಿ, "ಇದು ಬಾದಾಮಿ ಕಲ್ಲೋ, ಬದನೆಕಾಯೋ?" ಅಂದಳು. ಇಡೀ ದಿನ ಕೆಂಪು ಬಟ್ಟೆ ಬಿಚ್ಚಿ ತೋರಿಸುವವನು ನಾನು. ಈ ಕೆಂಪು ತಪ್ಪು ಅಂತ ನನಗೂ ಗೊತ್ತಾಗುತ್ತದೆ. ಸರಿ ಮಾಡೋದು ಹೇಗೆ ಅಂತ ಗೊತ್ತಿಲ್ಲ. ಯಾರಾದರೂ ದಾರಿ ತೋರಿಸಿ.

ಕರದಂಟು, ಗೋಕಾಕ

ಸಾಹುಕಾರ್ರ, ಮೊದಲು ಆ ಮಾಡ್ಯೂಲ್ ಬಂದ್ ಮಾಡಿ. ಹಳೆಯ ವಿಡಿಯೋಗಳಲ್ಲಿ ಇನ್ನೂ ಅದನ್ನೇ ಹೇಳಿಕೊಡುತ್ತಾರೆ. ಕಪ್ಪು ಗುಡ್ಡ, ಬೆಳ್ಳನೆ ಆಕಾಶ ಕೂಡುವ ಕಡೆ ಅದು ನೀವು ಹೇಳಿದ ಸುಣ್ಣದ ಗೆರೆಯನ್ನೇ ಬಿಡುತ್ತದೆ. ನಾನೂ ಎರಡು ವರ್ಷ ಅದರಲ್ಲೇ ಒದ್ದಾಡಿದ್ದೇನೆ.

ಈಗ ಫೋಟೋದ ಕೆಳಗೆ ಇರುವ ಗುಂಡಿಗಳಲ್ಲಿ ರಾ ಓವರ್‌ಎಕ್ಸ್‌ಪೋಸ್ಡ್ ಸೂಚಕ ಆನ್ ಮಾಡಿ, ರಾದಲ್ಲಿ ಬೆಳಕು ತುಂಬಿ ಚೆಲ್ಲಿದ ಜಾಗಕ್ಕೆ ಅದು ಗುರುತು ಹಾಕುತ್ತದೆ. ಕ್ಯಾಮೆರಾ ಪರದೆಯ ಹಿಸ್ಟೋಗ್ರಾಂ (ಕತ್ತಲೆ-ಬೆಳಕಿನ ಗ್ರಾಫ್) ನಂಬಬೇಡಿ, ಅದು ಜೆಪೆಗ್‌ನದು, ಅಂದರೆ ಕ್ಯಾಮೆರಾ ತಾನೇ ತಿದ್ದಿ ಕುಗ್ಗಿಸಿದ ಫೋಟೋದ್ದು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. ನಿಮ್ಮ ಕ್ಯಾಮೆರಾದ 14 ಬಿಟ್ ರಾದಲ್ಲಿ 16,384. ಜೆಪೆಗ್‌ನಲ್ಲಿ ಹೋಯ್ತು ಅಂತ ಕಂಡಿದ್ದು ರಾದಲ್ಲಿ ಎಷ್ಟೋ ಸಲ ಉಳಿದಿರುತ್ತದೆ. ಆದರೆ ರಾದಲ್ಲೇ ತುಂಬಿ ಚೆಲ್ಲಿದ್ದನ್ನು ಯಾವ ಸಾಫ್ಟ್‌ವೇರ್ ಕೂಡ ತುಂಬಿ ಕೊಡಲ್ಲ. ಸೂರ್ಯನ ಸುತ್ತ ಮಾತ್ರ ಗುರುತು ಬಂದರೆ ನೀವು ಗೆದ್ದಿರಿ.

ಮುಂದಿನದು ಸ್ವಲ್ಪ ಧೈರ್ಯದ ಕೆಲಸ. ಎಕ್ಸ್‌ಪೋಷರ್ ಮಾಡ್ಯೂಲ್‌ನಲ್ಲಿ ಗುಡಿ ಸರಿಯಾಗಿ ಕಾಣೋವರೆಗೂ ಏರಿಸಿ. ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು) ಬೇಕಾಗಬಹುದು, ಎರಡೂವರೆ ಬೇಕಾಗಬಹುದು. ಆಕಾಶ ಪೂರ್ತಿ ಬೆಳ್ಳಗಾಗುತ್ತದೆ. ಆಗಲಿ, ಹೆದರಬೇಡಿ. ಅದು ಪರದೆಯಲ್ಲಿ ಕಾಣುತ್ತಿಲ್ಲ ಅಷ್ಟೇ, ಒಳಗೆ ಲೆಕ್ಕದಲ್ಲಿ ಹಾಗೇ ಇದೆ. ಆಮೇಲೆ ಫಿಲ್ಮಿಕ್ ಆರ್‌ಜಿಬಿ (ರಾದ ಬೆಳಕನ್ನೆಲ್ಲ ಪರದೆಗೆ ಹಿಡಿಸುವ ಮಾಡ್ಯೂಲ್) ತೆರೆದು ವೈಟ್ ರಿಲೇಟಿವ್ ಎಕ್ಸ್‌ಪೋಷರ್ ಮೆಲ್ಲಗೆ ಏರಿಸುತ್ತಾ ಹೋಗಿ. ಆಕಾಶ ವಾಪಸ್ ಬರುತ್ತದೆ. ನಿಮ್ಮಲ್ಲಿ ಅದೇ ಕೆಲಸದ ಇನ್ನೊಂದು ಮಾಡ್ಯೂಲ್ ಸಿಗ್ಮಾಯ್ಡ್ ಆನ್ ಆಗಿದ್ದರೆ ಅದನ್ನು ಆಫ್ ಮಾಡಿ, ಎರಡನ್ನೂ ಒಟ್ಟಿಗೆ ಹಾಕಬಾರದು.

ಕೊನೆಗೆ ಟೋನ್ ಈಕ್ವಲೈಜರ್, ಕಪ್ಪು ಭಾಗ, ಬೆಳ್ಳನೆ ಭಾಗಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸೋ ಮಾಡ್ಯೂಲ್. ಎಲ್ಲರೂ ತಪ್ಪೋದು ಇಲ್ಲೇ. ನೇರ ಸ್ಲೈಡರ್‌ಗೆ ಕೈ ಹಾಕುತ್ತಾರೆ, ಮಾಸ್ಕ್ (ಎಲ್ಲಿ ಎಷ್ಟು ಬೆಳಕಿದೆ ಅಂತ ತೋರಿಸುವ ಬೂದು ನಕ್ಷೆ) ನೋಡೋದೇ ಇಲ್ಲ. ಮೊದಲು ಮಾಸ್ಕಿಂಗ್ ಪುಟಕ್ಕೆ ಹೋಗಿ. ಕೆಳಗೆ ಮಾಸ್ಕ್ ಎಕ್ಸ್‌ಪೋಷರ್ ಮತ್ತು ಮಾಸ್ಕ್ ಕಾಂಟ್ರಾಸ್ಟ್ ಪಕ್ಕ ಮಂತ್ರದಂಡದ ಚಿತ್ರ ಇದೆ, ಎರಡನ್ನೂ ಒತ್ತಿ. ಮಾಸ್ಕ್ ತೋರಿಸು ಅಂದಾಗ ಗುಡಿ ಒಂದು ಬೂದು ಮುದ್ದೆಯಾಗಿ, ಶಿಖರದ ಅಂಚು ಮಾತ್ರ ಚೂಪಾಗಿ ಕಾಣಬೇಕು. ಮುದ್ದೆಯೊಳಗೆ ಕಲ್ಲಿನ ಸಂದುಗೊಂದು ಎಲ್ಲ ಕಾಣುತ್ತಿದ್ದರೆ ಫೋಟೋ ಸಪ್ಪೆಯಾಗುತ್ತದೆ. ಅಂಚು ಕರಗಿದ್ದರೆ ಮತ್ತೆ ಸುಣ್ಣದ ಗೆರೆ. ಇದು ಸರಿಯಾದ ಮೇಲೆ ಬಾಣವನ್ನು ಆಕಾಶದ ಮೇಲಿಟ್ಟು ಮೌಸ್ ಚಕ್ರ ಕೆಳಗೆ ತಿರುಗಿಸಿ, ಗುಡಿ ಮೇಲಿಟ್ಟು ಮೇಲೆ ತಿರುಗಿಸಿ. ಮಾಡ್ಯೂಲ್‌ನ ಗ್ರಾಫ್‌ನಲ್ಲಿರುವ ಗೆರೆ ದಿಬ್ಬದ ಹಾಗೆ ಇಳಿಯಬೇಕು, ಬಾವಿಯ ಹಾಗೆ ಅಲ್ಲ. ಇದೆಲ್ಲ ಮುಗಿದ ಮೇಲೆ ಎಕ್ಸ್‌ಪೋಷರ್ ಮುಟ್ಟಿದರೆ ಮಾಸ್ಕ್ ಮತ್ತೆ ಹೊಂದಿಸಬೇಕು, ಮರೀಬೇಡಿ.

ಮೂರು ಫೋಟೋ ತೆಗೆದು ಕೂಡಿಸಿ ಅಂತ ಯಾರಾದರೂ ಹೇಳಬಹುದು. ನಾನು ಒಂದು ಮಳೆಗಾಲ ಗೋಕಾಕ ಜಲಪಾತದ ತೂಗುಸೇತುವೆ ಮೇಲೆ ಟ್ರೈಪಾಡ್ ಇಟ್ಟು ಹಾಗೆ ಮಾಡಿದ್ದೆ. ಯಾರೋ ನಾಲ್ಕು ಜನ ನಡೆದರು, ಸೇತುವೆ ತೂಗಿತು, ಮೂರು ಫೋಟೋ ಮೂರು ದಿಕ್ಕಿಗೆ. ಡಾರ್ಕ್‌ಟೇಬಲ್ ಅವನ್ನು ಒಂದರ ಮೇಲೊಂದು ಇಡುತ್ತದೆ, ಜೋಡಿಸಿ ಹೊಂದಿಸಲ್ಲ. ನಿಮ್ಮ ಫೋಟೋಗೆ ಅದು ಬೇಕಾಗಿಯೂ ಇಲ್ಲ.

ಗುಮ್ಮಟದ ನೆರಳು, ವಿಜಯಪುರ

ತಮ್ಮಾ, ಕರದಂಟು ಹೇಳಿದ್ದು ಸರಿ ಇದೆ. ನನ್ನದೊಂದು ತಕರಾರು ಇರೋದು ಬೇರೆ ಕಡೆ. ಆ ಗುಡಿಯ ತೆರೆದ ಮಂಟಪ ಕೆರೆಯ ಕಡೆಗಿದೆ, ಅಂದರೆ ಪಡುವಣಕ್ಕೆ. ಸಂಜೆ ಬಿಸಿಲು ನೇರವಾಗಿ ಅದರ ಮುಖಕ್ಕೇ ಬೀಳುತ್ತದೆ. ಬೆಳಿಗ್ಗೆ ಹೋಗಿ ಬೆಳಕಿನ ಜೊತೆ ಜಗಳ ಯಾಕೆ?

ಬದನೆಕಾಯಿ ಬಣ್ಣಕ್ಕೆ ಕಾರಣ ಸರಳ. ನೆರಳಲ್ಲಿರುವ ಕಲ್ಲಿಗೆ ಸೂರ್ಯನ ಬೆಳಕು ತಾಗೋದೇ ಇಲ್ಲ, ನೀಲಿ ಆಕಾಶದ ಬೆಳಕು ಮಾತ್ರ ತಾಗುತ್ತದೆ. ಕೆಂಪು ಕಲ್ಲಿನ ಮೇಲೆ ನೀಲಿ ಬೆಳಕು ಬಿದ್ದರೆ ನೇರಳೆ ಆಗದೆ ಇನ್ನೇನಾಗುತ್ತದೆ? ಕತ್ತಲಾಗಿದ್ದಾಗ ಅದು ಕಾಣಲ್ಲ, ಎತ್ತಿದ ಕೂಡಲೇ ಕಾಣುತ್ತದೆ. ಕಲರ್ ಬ್ಯಾಲೆನ್ಸ್ ಆರ್‌ಜಿಬಿ ತೆರೆದು ಬದಲಾವಣೆ ಅಲ್ಲಿಗಷ್ಟೇ ತಾಗುವ ಹಾಗೆ ಗುಡ್ಡದ ಮೇಲೆ ಮಾತ್ರ ಮಾಸ್ಕ್ ಎಳೆದು, ಸ್ವಲ್ಪ ಕಿತ್ತಳೆ ಕಡೆಗೆ ತಳ್ಳು. ಸ್ವಲ್ಪ ಅಂದರೆ ಸ್ವಲ್ಪವೇ.

ಖಣದಂಗಡಿ, ಗುಳೇದಗುಡ್ಡ

ಕಾಕಾ, ಬಣ್ಣದ ಮಾತು ಒಂದೇ ಸಲಕ್ಕೆ ತಲೆಗೆ ಹೋಯ್ತು. ನಮ್ಮಲ್ಲಿ ಗಿರಾಕಿಗಳು ಖಣವನ್ನು ಟ್ಯೂಬ್‌ಲೈಟ್ ಕೆಳಗೆ ನೋಡಿ ನಂಬೋದಿಲ್ಲ, ಬಾಗಿಲ ಹೊರಗೆ ಒಯ್ದು ನೋಡುತ್ತಾರೆ. ಇದೂ ಅದೇ ಕಥೆ ಅಲ್ವಾ!

ಸಂಜೆ ಫೋಟೋ ಬೇಡ ಅನ್ನೋದಕ್ಕೆ ಕಾರಣ ಇದೆ. ಸಂಜೆಯ ಫೋಟೋ ಎಲ್ಲರ ಹತ್ತಿರವೂ ಇದೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯೋ ಸದ್ದು ಗುಡ್ಡಕ್ಕೆ ಬಡಿದು ವಾಪಸ್ ಬರುತ್ತದೆ. ಆ ಹೊತ್ತಿನದೇ ನನಗೆ ಬೇಕು.

ನಿನ್ನೆ ರಾತ್ರಿ ಅಂಗಡಿ ಮುಚ್ಚಿ ಕೂತೆ. ಸೂಚಕ ಸೂರ್ಯನ ಸುತ್ತ ಒಂದು ರೂಪಾಯಿಯಷ್ಟು ಜಾಗಕ್ಕೆ ಮಾತ್ರ ಬಂತು. ಎಕ್ಸ್‌ಪೋಷರ್ 2.3 ಏರಿಸಿದೆ. ಆಕಾಶ ಹೋದಾಗ ಎದೆ ಧಸಕ್ ಅಂತು, ಫಿಲ್ಮಿಕ್‌ನಲ್ಲಿ ವಾಪಸ್ ಬಂತು. ಮಾಸ್ಕ್‌ಗೆ ಮುಕ್ಕಾಲು ಗಂಟೆ ಹಿಡಿಯಿತು. ಸುಣ್ಣದ ಗೆರೆ ಹೋಯ್ತು. ಸೂರ್ಯ ಬಿಳಿ ತೂತಾಗಿಯೇ ಉಳಿದಿದ್ದಾನೆ, ಇರಲಿ ಬಿಡಿ. ಫೋಟೋ ಹಾಕಿದ್ದೇನೆ. ಆದರೂ ಏನೋ ಸುಳ್ಳು ಅನ್ನಿಸುತ್ತಿದೆ. ಏನು ಅಂತ ಬೆರಳಿಟ್ಟು ಹೇಳೋಕೆ ಆಗುತ್ತಿಲ್ಲ.

ಗುಮ್ಮಟದ ನೆರಳು, ವಿಜಯಪುರ

ನೀರು ನೋಡು. ನೀರಿನೊಳಗಿನ ಗುಡಿ, ದಂಡೆ ಮೇಲಿನ ಗುಡಿಯಷ್ಟೇ ಬೆಳ್ಳಗಿದೆ. ಹಾಗೆ ಎಲ್ಲಾದರೂ ಇರುತ್ತದಾ? ನೆರಳುಬಿಂಬ ಯಾವಾಗಲೂ ಒಂದು ಕೈ ಕಪ್ಪೇ. ಟೋನ್ ಈಕ್ವಲೈಜರ್‌ಗೆ ಗುಡಿ ಯಾವುದು, ನೀರು ಯಾವುದು ಗೊತ್ತಿಲ್ಲ. ಜಾಸ್ತಿ ಕಪ್ಪಿದ್ದದ್ದನ್ನು ಜಾಸ್ತಿ ಎತ್ತಿದೆ.

ಕರದಂಟು, ಗೋಕಾಕ

ಕಾಕಾರ ಕಣ್ಣು ಕಣ್ಣು! ನಾನು ಗುಡಿಯನ್ನೇ ನೋಡುತ್ತಾ ಕೂತಿದ್ದೆ. ಸಾಹುಕಾರ್ರ, ಎಕ್ಸ್‌ಪೋಷರ್ ಮಾಡ್ಯೂಲ್‌ನ ಇನ್ನೊಂದು ಪ್ರತಿ ತೆರೆದು, ನೀರಿನ ಮೇಲೆ ಮಾತ್ರ ಮಾಸ್ಕ್ ಎಳೆದು ಅರ್ಧ ಸ್ಟಾಪ್ ಇಳಿಸಿ. ಈ ಹೊಸ ಪ್ರತಿ ಟೋನ್ ಈಕ್ವಲೈಜರ್‌ಗಿಂತ ಮೊದಲು ಕೆಲಸ ಮಾಡುತ್ತದೆ. ಹಾಗಾಗಿ ಇಳಿಸಿದ ಮೇಲೆ ಅದನ್ನೂ ಒಮ್ಮೆ ನೋಡಿಬಿಡಿ.

ಖಣದಂಗಡಿ, ಗುಳೇದಗುಡ್ಡ

ಅರ್ಧ ಸಾಲಲಿಲ್ಲ, 0.7 ಇಳಿಸಿದೆ. ಈಗ ನೀರು ನೀರಾಗಿದೆ. ಮಂಟಪದ ಕಂಬಗಳ ನಡುವೆ ಇನ್ನೂ ಕತ್ತಲೆ ಇದೆ, ಅದನ್ನು ಮುಟ್ಟಲಿಲ್ಲ. ಮುಂದಿನ ಸೋಮವಾರ ಟ್ರೈಪಾಡ್ ಒಯ್ಯುತ್ತೇನೆ, ಬನಶಂಕರಿಯಲ್ಲಿ ರೊಟ್ಟಿ ಊಟ ನಂದು. ಬರೋರು ಆರು ಗಂಟೆಗೆ ಕೆರೆ ದಂಡೆಗೆ ಬನ್ನಿ.