ಮೋಸಗಾರರನ್ನು ಆಟ ಆಡಿಸಿದವರು ಯಾರಾದ್ರೂ ಇದ್ದೀರಾ?

ನಾಲ್ಕು ದಿನದಿಂದ ವಾಟ್ಸಾಪ್‌ನಲ್ಲಿ ಒಬ್ಬ ಬೆನ್ನು ಬಿದ್ದಿದ್ದಾನೆ. ಹೋಟೆಲ್‌ಗಳಿಗೆ ಸ್ಟಾರ್ ಕೊಟ್ಟರೆ ದುಡ್ಡು ಹಾಕುತ್ತಾನಂತೆ. ಮೋಸ ಅಂತ ಗೊತ್ತು. ಬ್ಲಾಕ್ ಮಾಡುವ ಮೊದಲು ಸ್ವಲ್ಪ ಸತಾಯಿಸೋಣ ಅನ್ನಿಸಿದೆ. ಅನುಭವ ಇದ್ದವರು ಹೇಳಿ.

— ನಮ್ಮಪ್ಪ ಇದರಲ್ಲಿ ಪಳಗಿದ ಕೈ. 'ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ 9.30ಕ್ಕೆ ಕರೆಂಟ್ ಕಟ್' ಅಂತ ಮೆಸೇಜ್ ಬಂತು. ನಮ್ಮದು ಗೃಹಜ್ಯೋತಿ, ಬಿಲ್ಲೇ ಸೊನ್ನೆ! ಅಪ್ಪ ಬೇಕಂತಲೇ ಆ ನಂಬರಿಗೆ ಫೋನ್ ಮಾಡಿದರು. ನಮ್ಮ ಮೊಬೈಲ್ ಪರದೆ ಅವನಿಗೆ ಕಾಣುವಂಥ ಆಪ್ ಹಾಕಿಸುವುದು ಅವನ ಪ್ಲಾನು. 'ಕನ್ನಡಕ ಹುಡುಕ್ತೀನಿ, ಇರಪ್ಪಾ' ಅಂತ ಹತ್ತು ನಿಮಿಷ ಕಾಯಿಸಿದರು. ಆಮೇಲೆ ಆಪ್ ಹೆಸರನ್ನು ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡರು. 'ಎಂ ಫಾರ್ ಮದ್ದೂರಾ, ಎನ್ ಫಾರ್ ನಂಜನಗೂಡಾ?' ಪಾಪ, ಅವನಿಗೆ ಎರಡೂ ಊರು ಗೊತ್ತಿಲ್ಲ. ಮುಕ್ಕಾಲು ಗಂಟೆ ಆದಮೇಲೆ ಅಪ್ಪ ಕೇಳಿದರು, 'ನಂದು ಬಟನ್ ಫೋನು, ಯಾವ ಬಟನ್ ಒತ್ತಲಿ?' ಹಿಂದಿಯಲ್ಲಿ ಉಗಿದು ಇಟ್ಟ. ಆದರೆ ಒಂದು ವಾರ ಮಧ್ಯರಾತ್ರಿ ಬೇರೆ ಬೇರೆ ನಂಬರಿನಿಂದ ಕರೆ ಬಂತು, ಅದನ್ನೂ ಹೇಳಬೇಕಲ್ವಾ. ಬ್ಯಾಂಕ್ ಆಪ್ ಇರುವ ಫೋನಿನಲ್ಲಿ ತಮಾಷೆಗೂ ಇದನ್ನು ಮಾಡಬೇಡಿ.

— ನಂಬಿಕೆ ಬರಲಿ ಅಂತ ಮೊದಲು ನೂರಿನ್ನೂರು ರೂಪಾಯಿ ಹಾಕುತ್ತಾರೆ. 'ಅವನ ದುಡ್ಡೇ ಹೊಡೆಯೋಣ' ಅಂತ ನನ್ನ ಗೆಳೆಯ ಜಾಣತನ ತೋರಿಸಿದ. ಅದು ಇನ್ನೊಬ್ಬರಿಂದ ದೋಚಿದ ದುಡ್ಡು. ಅವರು ದೂರು ಕೊಟ್ಟರು, ಇವನ ಖಾತೆ ಫ್ರೀಜ್ ಆಯಿತು. 150 ರೂಪಾಯಿಗೆ ಎರಡು ತಿಂಗಳು ಬ್ಯಾಂಕು, ಸ್ಟೇಷನ್ ಅಂತ ಅಲೆದ. ಆಟ ಆಡಿಸಿ, ಯುಪಿಐ ಐಡಿ ಮಾತ್ರ ಕೊಡಬೇಡಿ.

— ಸುಮ್ನೆ ಬ್ಲಾಕ್ ಮಾಡಿ. ಮೋಸದ ಕರೆ, ಮೆಸೇಜ್ ಬಗ್ಗೆ ತಿಳಿಸೋಕೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ 'ಚಕ್ಷು' ಅಂತ ಇದೆ, ಅಲ್ಲಿ ನಂಬರ್ ಹಾಕಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

— ನಾನು ಮೊದಲು ಬಾಯಿಗೆ ಬಂದಂತೆ ಬೈಯುತ್ತಿದ್ದೆ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್ ಗಡಿಯ ಮೋಸದ ಅಡ್ಡೆಗಳಿಂದ ಹೊರಬಂದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ಕರೆತಂದರು. ಒಳ್ಳೆ ಕೆಲಸ ಅಂತ ನಂಬಿ ಹೋಗಿ ಸಿಕ್ಕಿಬಿದ್ದು, ಬಲವಂತಕ್ಕೆ ಇಂಥ ಮೋಸದ ಕೆಲಸ ಮಾಡುತ್ತಿದ್ದವರೂ ಅಲ್ಲಿದ್ದರು. ಈಗಲೂ ಟೈಮ್ ವೇಸ್ಟ್ ಮಾಡಿಸುತ್ತೇನೆ, ಬೈಗುಳ ಮಾತ್ರ ಬಿಟ್ಟಿದ್ದೇನೆ.

— ಪ್ರಶ್ನೆ ಕೇಳಿದವನು ನಾನು. ಎಲ್ಲರಿಗೂ ಥ್ಯಾಂಕ್ಸ್. 'ಇಡ್ಲಿ ತಿನ್ನದೆ ಹೋಟೆಲ್‌ಗೆ ಸ್ಟಾರ್ ಹೇಗೆ ಕೊಡಲಿ ಸಾರ್?' ಅಂತ ಕಳಿಸಿದ್ದೇನೆ. ಹತ್ತು ನಿಮಿಷದಿಂದ 'ಟೈಪಿಂಗ್' ಅಂತಲೇ ತೋರಿಸುತ್ತಿದೆ.