ಬೇಸಿಗೇಲಿ ಒಂದೂಮುಕ್ಕಾಲು ವರ್ಷದ ಮಗು ಕಟ್ಕೊಂಡು ಇಡೀ ದಿನ ಹೊರಗಿರಬಹುದಾ?

ಪುಟಾಣಿ_ಅಮ್ಮ

ಎಲ್ರಿಗೂ ನಮಸ್ಕಾರ. ನನ್ ಮಗಳಿಗೆ ಈಗ ಒಂದೂಮುಕ್ಕಾಲು ವರ್ಷ, ನಡೆಯೋದು ಅಂತಿಲ್ಲ ಬರೀ ಓಡೋದೇ, ಕೈ ಹಿಡ್ಕೊಂಡ್ರೆ ಕೊಸರಾಡ್ತಾಳೆ. ರಜೆ ಅಂತ ಅತ್ತೆ, ಮಾವ, ನಾದಿನಿ, ಅವರ ಇಬ್ಬರು ದೊಡ್ಡ ಮಕ್ಕಳು, ನಾವು, ಎಲ್ಲಾ ಸೇರಿ ಒಂದಿನ ಕೆರೆ ಪಕ್ಕದ ಪಾರ್ಕಿಗೆ ಹೋಗೋಣ ಅಂತ ಮಾತಾಗಿದೆ. ಕಾರಲ್ಲಿ ಹೆಚ್ಚುಕಮ್ಮಿ ಎರಡು ಗಂಟೆ ದಾರಿ. ಬೆಳಗ್ಗೆ ತಿಂಡಿ ತಿಂದು ಹೊರಟು ಸಾಯಂಕಾಲ ವಾಪಸ್ ಬರೋದು ಅಂತ ಅವರ ಲೆಕ್ಕ, ಅಂದ್ರೆ ನಡು ಮಧ್ಯಾಹ್ನ ನಾವು ಅಲ್ಲೇ ಇರ್ತೀವಿ.

ನನ್ನ ಚಿಂತೆ ಏನಂದ್ರೆ ಇವಳು ಊಟ ಆದ್ಮೇಲೆ ಮಲಗ್ಲೇಬೇಕು, ಇಲ್ಲಾಂದ್ರೆ ಸಂಜೆವರೆಗೂ ಅಳು. ಆಟದಲ್ಲಿದ್ರೆ ನೀರು ಮುಟ್ಟಲ್ಲ. ಟೋಪಿ ಹಾಕಿದ್ರೆ ಕಿತ್ತು ಬಿಸಾಕ್ತಾಳೆ. ಸ್ವಲ್ಪ ಸೆಕೆ ಆದ್ರೂ ಕುತ್ತಿಗೆ ಮಡಿಕೇಲಿ ಕೆಂಪಗೆ ಬೆವರುಸಾಲೆ ಏಳತ್ತೆ. ದೊಡ್ಡ ಮಕ್ಕಳು ನೀರಲ್ಲಿ ಆಡ್ಬೇಕು ಅಂತ ಈಗ್ಲೇ ಕುಣೀತಿದಾರೆ, ಇವಳೂ ಅವರ ಹಿಂದೇನೇ ಹೋಗ್ತಾಳೆ. ಬರಲ್ಲ ಅನ್ನೋಕೆ ನನಗೆ ಮನಸ್ಸಿಲ್ಲ, ಹೋದ ಬೇಸಿಗೇಲಿ ಇವಳು ತೀರಾ ಚಿಕ್ಕೋಳು ಅಂತ ಎಲ್ಲೂ ಹೋಗಿರ್ಲಿಲ್ಲ, ಎಲ್ಲರ ಜೊತೆ ಅವಳು ಖುಷಿಯಾಗಿರೋದು ನಾನೂ ನೋಡ್ಬೇಕು. ಅನುಭವ ಇರೋರು ಹೇಳಿ, ಹೋಗ್ಬಹುದಾ, ಹೋದ್ರೆ ಹೇಗೆ?

ಎರಡ್_ಮಕ್ಕಳ_ತಾಯಿ

ಖಂಡಿತ ಹೋಗಿ. ಆದ್ರೆ ಆ ಟೈಮಿಂಗ್ ಬದಲಾಯಿಸ್ದೆ ಹೋಗ್ಬೇಡಿ. ಬಿಸಿಲಿನ ಯುವಿ ಕಿರಣ ಜೋರಾಗಿರೋದೇ ಬೆಳಗ್ಗೆ 10ರಿಂದ ಸಂಜೆ 4ರವರೆಗೆ, ನಿಮ್ಮ ಮನೆಯವರ ಪ್ಲಾನ್ ಸರಿಯಾಗಿ ಆ ಹೊತ್ತಿನ ಮೇಲೇ ಬಂದು ಕೂತಿದೆ. ಬೆಳಕು ಹರಿಯೋ ಮುಂಚೆ ಹೊರಡಿ, ಮಗೂನ ನೈಟ್ ಡ್ರೆಸ್ಸಲ್ಲೇ ಎತ್ತಿ ಕಾರ್ ಸೀಟಿಗೆ ಹಾಕಿ, ದಾರಿಪೂರ್ತಿ ನಿದ್ದೆ ಮಾಡ್ಲಿ. ತಿಂಡಿ ಅಲ್ಲೇ ತಿನ್ನಿ. ಬಿಸಿಲೇರೋ ತನಕ ಆಡಿಸಿ ವಾಪಸ್ ಹೊರಟುಬಿಡಿ, ಮಧ್ಯಾಹ್ನದ ನಿದ್ದೆ ಬರೋವಾಗ ಕಾರಲ್ಲಾಗತ್ತೆ. ಈ ವಯಸ್ಸಿಗೆ ದಿನಕ್ಕೆ ಎಲ್ಲಾ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು, ಅದನ್ನ ಕಿತ್ಕೊಂಡು ಮಾಡೋ ಪಿಕ್ನಿಕ್ ಯಾರಿಗೂ ಸುಖ ಕೊಡಲ್ಲ.

ದೊಡ್ಡೋರು "ನಮಗೇನೂ ಅಷ್ಟು ಸೆಕೆ ಅನ್ನಿಸ್ತಿಲ್ವಲ್ಲ" ಅಂತಾರೆ, ನಮ್ಮನೇಲೂ ಅಂತಾರೆ. ಮಗುವಿನ ಮೈ ನಮ್ಮ ಥರ ಅಲ್ಲ ಅಂತ ಅವರಿಗೆ ಬಿಡಿಸಿ ಹೇಳಿ. ತೂಕಕ್ಕೆ ಹೋಲಿಸಿದ್ರೆ ಅವರ ಚರ್ಮದ ವಿಸ್ತಾರ ನಮಗಿಂತ ಜಾಸ್ತಿ ಅದಕ್ಕೆ ಹೊರಗಿನ ಬಿಸಿ ಬೇಗ ಒಳಗೆ ಎಳ್ಕೊಳ್ಳತ್ತೆ, ಬೆವರೋದು ಕಮ್ಮಿ, ಬಾಯಾರಿಕೆ ಆಯ್ತು ಅಂತ ಹೇಳೋಕೂ ಬರಲ್ಲ. ಇದು ಗೊತ್ತಾದ್ಮೇಲೆ ನಮ್ಮತ್ತೆನೇ ಈಗ ಎಲ್ಲರಿಗಿಂತ ಮುಂಚೆ "ಸಾಕು, ನೆರಳಿಗೆ ಕರ್ಕೊಂಡ್ ಬಾ" ಅಂತಾರೆ.

ದೊಡ್ಡ ಮಕ್ಕಳಿಗೆ ಸಂಜೆವರೆಗೂ ಇರ್ಬೇಕು ಅಂತಿದ್ರೆ ಎರಡು ಕಾರಲ್ಲಿ ಹೋಗಿ. ನೀವು ಬೇಗ ಹೊರಟ್ರೆ ಯಾರ ಖುಷಿಯೂ ಕೆಡಲ್ಲ, ಇದನ್ನ ಹೊರಡೋ ಹಿಂದಿನ ದಿನಾನೇ ಮಾತಾಡಿ ಮುಗಿಸಿ, ಅಲ್ಲಿ ಹೋದ್ಮೇಲೆ ಹೇಳಿದ್ರೆ ಮುಖ ಸಣ್ಣ ಮಾಡ್ಕೊಳ್ತಾರೆ.

ಚಿನ್ನು_ಅಪ್ಪ

ಮೇಲಿನ ಅಕ್ಕ ಟೈಮಿಂಗ್ ಬಗ್ಗೆ ಹೇಳಿದ್ದು ಪೂರ್ತಿ ಒಪ್ತೀನಿ. ನಾನು ಎರಡೇ ವಿಷಯ ಹೇಳ್ತೀನಿ, ಕಾರು ಮತ್ತು ನೀರು, ಯಾಕಂದ್ರೆ ಉಳಿದಿದ್ದೆಲ್ಲ ಹೆಚ್ಚೂಕಮ್ಮಿ ಆದ್ರೆ ಸರಿ ಮಾಡ್ಕೋಬಹುದು, ಇವೆರಡ್ರಲ್ಲಿ ಆಗಲ್ಲ.

ಬಿಸಿಲಲ್ಲಿ ನಿಲ್ಸಿರೋ ಕಾರಿನೊಳಗೆ ಬರೀ 10 ನಿಮಿಷಕ್ಕೆ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಏರಬಹುದು. ಕಿಟಕಿ ಒಂಚೂರು ಇಳಿಸಿಟ್ರೆ ಸಾಕು ಅನ್ನೋದು ಸುಳ್ಳು, ಅದ್ರಿಂದ ಏನೂ ಅಂಥ ವ್ಯತ್ಯಾಸ ಆಗಲ್ಲ. ಮಲಗಿದೆ ಪಾಪ ಎಬ್ಬಿಸೋದ್ಯಾಕೆ, ಐದೇ ನಿಮಿಷ ಬಂದ್ವಿ ಅಂತ ದಯವಿಟ್ಟು ಯಾರೂ ಮಾಡ್ಬೇಡಿ. ವಾಪಸ್ ಹೊರಡೋವಾಗ ಬಾಗಿಲೆಲ್ಲ ತೆಗೆದು ಬಿಸಿಗಾಳಿ ಹೋಗಕ್ಕೆ ಬಿಟ್ಟು, ಎಸಿ ಹಾಕಿ, ಕಾರ್ ಸೀಟಿನ ಬಕಲ್ ಕೈಯಲ್ಲಿ ಮುಟ್ಟಿ ನೋಡಿ ಆಮೇಲೆ ಕೂರಿಸಿ, ಆ ಲೋಹ ಕಾದಿದ್ರೆ ತೊಡೆ ಸುಟ್ಟುಹೋಗತ್ತೆ. ಇಳಿದು ಹೋಗೋವಾಗ ಸೀಟಿನ ಮೇಲೊಂದು ತಿಳಿ ಬಣ್ಣದ ಟವೆಲ್ ಹೊದಿಸಿಟ್ರೆ ಅಷ್ಟು ಕಾಯಲ್ಲ.

ಇನ್ನು ನೀರು. ತುಂಬಾ ಜನ ಇರೋ ಕಡೇನೇ ನನಗೆ ಜಾಸ್ತಿ ಭಯ. ಎಲ್ಲರೂ ಇದಾರೆ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಅಜ್ಜಿ ನೋಡ್ತಿದಾರೆ ಅಂತ ಅಮ್ಮ, ಅಮ್ಮನ ಹತ್ರ ಇದೆ ಅಂತ ಅಪ್ಪ, ಹಾಗೆ ಯಾರ ಹತ್ರಾನೂ ಇರಲ್ಲ. ನಮ್ಮನೇಲಿ ಒಂದು ರೂಢಿ ಮಾಡ್ಕೊಂಡಿದೀವಿ, ಮಗೂನ ಇನ್ನೊಬ್ಬರಿಗೆ ಒಪ್ಪಿಸೋವಾಗ ಬಾಯ್ಬಿಟ್ಟು ಹೇಳ್ಬೇಕು "ಈಗ ಪಾಪು ನಿನ್ನ ಜವಾಬ್ದಾರಿ" ಅಂತ, ಅವರು "ಹೂಂ ನನ್ನ ಹತ್ರ ಇದೆ" ಅನ್ಬೇಕು, ಅಲ್ಲಿವರೆಗೂ ಕೊಟ್ಟೋರೇ ಜವಾಬ್ದಾರಿ. ಹಾಗೆ ಒಪ್ಪಿಕೊಂಡೋರು ಮೊಬೈಲ್ ಮುಟ್ಟಂಗಿಲ್ಲ. ಕೆಲವೇ ಇಂಚು ನೀರು ಸಾಕು ಇಷ್ಟು ಚಿಕ್ಕ ಮಗು ಮುಳುಗಕ್ಕೆ, ಅದೂ ಕೂಗಾಟ ಇಲ್ದೆ ಕೈಕಾಲು ಬಡಿಯೋ ಸದ್ದೂ ಇಲ್ದೆ ಆಗ್ಬಿಡತ್ತೆ, ಕಿವಿಗೆ ಕೇಳತ್ತೆ ಅಂತ ನಂಬ್ಕೊಂಡು ಕೂರೋ ವಿಷಯ ಅಲ್ಲ. ನೀರಿನ ಹತ್ರ ಇರೋವಷ್ಟು ಹೊತ್ತೂ ಕೈ ಚಾಚಿದ್ರೆ ಮಗು ಸಿಗೋ ದೂರದಲ್ಲಿರಿ. ತೋಳಿಗೆ ಹಾಕೋ ಗಾಳಿ ತುಂಬಿದ ಬ್ಯಾಂಡು, ಟ್ಯೂಬು ಇವೆಲ್ಲ ಆಟದ ಸಾಮಾನು, ಲೈಫ್ ಜಾಕೆಟ್ ಅಲ್ಲ. ನಾದಿನಿ ಮಕ್ಕಳಿಗೆ "ಪಾಪು ನೋಡ್ಕೊಳ್ಳಿ" ಅಂತ ಬಿಡ್ಬೇಡಿ, ಅವರೂ ಮಕ್ಕಳೇ.

ಬೆಳದಿಂಗಳು

ನಮ್ಮನೇಲಿ ಸ್ಟ್ರೋಲರ್ ಮೇಲೆ ತೆಳು ಬಟ್ಟೆ ಇಳಿಬಿಟ್ಟು ಅಲ್ಲೇ ಮಲಗಿಸ್ತೀವಿ, ಬಿಸಿಲೂ ಬೀಳಲ್ಲ ಬೆಳಕೂ ಬೀಳಲ್ಲ, ಮಗು ಚೆನ್ನಾಗಿ ನಿದ್ದೆ ಮಾಡತ್ತೆ. ಟೋಪಿಗೆ ಗಲ್ಲದ ಕೆಳಗೆ ಕಟ್ಟೋ ದಾರ ಬೇಡ, ಕುತ್ತಿಗೆಗೆ ಸಿಕ್ಕಿಹಾಕ್ಕೊಳ್ಳತ್ತೆ, ಹಿಂದೆ ಕುತ್ತಿಗೆ ಮುಚ್ಚೋ ಥರದ್ದು ತಗೊಳ್ಳಿ. ನೀವೂ ಹಾಕ್ಕೊಳ್ಳಿ ಆ ದೊಡ್ಡ ಮಕ್ಕಳಿಗೂ ಹಾಕಿ, ಅಕ್ಕ ಅಣ್ಣ ಹಾಕಿದ್ದು ನೋಡಿದ್ರೆ ತಾನೂ ಬೇಕು ಅಂತಾಳೆ.

ಮಕ್ಕಳ_ವಾರ್ಡ್_ನರ್ಸ್

ಬೆಳದಿಂಗಳು ಅವರೇ, ಟೋಪಿ ಮಾತು ತುಂಬಾ ಚೆನ್ನಾಗಿದೆ, ಆದ್ರೆ ಸ್ಟ್ರೋಲರ್ ಬಟ್ಟೆ ವಿಷಯ ಒಂಚೂರು ನೋಡಿ. ಒಣ ಬಟ್ಟೆ ಎಷ್ಟೇ ತೆಳುವಾಗಿದ್ರೂ ಸುತ್ತ ಮುಚ್ಚಿದ್ರೆ ಗಾಳಿ ಆಡಲ್ಲ, ಒಳಗಿನ ಬಿಸಿ ಹೊರಗಿಗಿಂತ ಏರತ್ತೆ, ಮುಖಾನೂ ಕಾಣಲ್ಲ. ಬಟ್ಟೆ ಒದ್ದೆ ಮಾಡಿ, ಪಕ್ಕಗಳು ತೆಗೆದಿದ್ದು, ಕ್ಲಿಪ್ ಫ್ಯಾನ್ ಮಗುವಿನ ಕೈಗೆ ಸಿಗ್ದಂಗೆ ಹಾಕಿ, ಬಟ್ಟೆ ಒಣಗೋ ಮುಂಚೆ ಮತ್ತೆ ಮತ್ತೆ ನೆನೆಸ್ತಿದ್ರೆ ತಂಪಾಗತ್ತೆ. ಅಷ್ಟೆಲ್ಲ ಮಾಡೋಕಾಗ್ದಿದ್ರೆ ದೊಡ್ಡ ಮರದ ನೆರಳಲ್ಲಿ ಚಾಪೆ ಹಾಸಿ ಮಲಗಿಸೋದೇ ಒಳ್ಳೇದು.

ಪುಟಾಣಿ ಅಮ್ಮ ಅವರೇ, ನೀರು ಕುಡಿ ಅಂತ ಕೇಳ್ಬೇಡಿ, ಕೇಳಿದ್ರೆ ಈ ವಯಸ್ಸಿನವರು ಬೇಡ ಅಂತಾನೇ ಹೇಳ್ತಾರೆ. ಆಟದ ಮಧ್ಯೆ ಆಗಾಗ ಬಾಟಲಿ ಬಾಯಿ ಹತ್ರ ತನ್ನಿ, ಎರಡು ಗುಟುಕು ಆದ್ರೂ ಸಾಕು, ಮತ್ತೆ ಸ್ವಲ್ಪ ಹೊತ್ತಿಗೆ ಇನ್ನೆರಡು. ಹಾಲು, ನೀರಿರೋ ಹಣ್ಣು ಎಲ್ಲಾ ಲೆಕ್ಕಕ್ಕೆ ಬರತ್ತೆ, ಎದೆಹಾಲು ಇನ್ನೂ ಕುಡೀತಿದ್ರೆ ಅದೂ ಕೊಡಿ. ದ್ರಾಕ್ಷಿ ಕೊಡೋದಾದ್ರೆ ಇಡೀದು ಬೇಡ, ಉದ್ದಕ್ಕೆ ಸೀಳಿ ನಾಲ್ಕು ಭಾಗ ಮಾಡಿ ಕೂರಿಸಿ ತಿನ್ನಿಸಿ, ಓಡೋ ಮಗುವಿನ ಬಾಯಿಗೆ ಏನೂ ಇಡ್ಬೇಡಿ. ಸಾಕಷ್ಟು ಕುಡೀತಿದಾಳಾ ಅಂತ ತಿಳ್ಕೊಳ್ಳೋಕೆ ಡೈಪರ್ ನೋಡಿ. ಆರು ಗಂಟೆ ಆದ್ರೂ ಒದ್ದೆ ಇಲ್ಲ, ಮೂತ್ರ ಗಾಢ ಹಳದಿ, ತುಟಿ ನಾಲಗೆ ಒಣಗಿದೆ, ಅತ್ತರೂ ಕಣ್ಣೀರಿಲ್ಲ ಅಂದ್ರೆ ಮೈಯಲ್ಲಿ ನೀರು ಕಮ್ಮಿ ಆಗಿದೆ ಅಂತ ಅರ್ಥ.

ಸನ್‌ಸ್ಕ್ರೀನ್ ಹಚ್ಬಹುದು, ಆರು ತಿಂಗಳು ದಾಟಿದೆಯಲ್ಲ. ಎಸ್‌ಪಿಎಫ್ 30 ಅಥವಾ ಮೇಲಿರೋದು, ಜಿಂಕ್ ಆಕ್ಸೈಡ್ ಇರೋದಾದ್ರೆ ಎಳೆ ಚರ್ಮಕ್ಕೆ ಉರಿ ಕಮ್ಮಿ. ಬಿಸಿಲಿಗೆ ಹೋಗೋ 15-30 ನಿಮಿಷ ಮುಂಚೆ ಹಚ್ಚಿ, ಎರಡೆರಡು ಗಂಟೆಗೆ ಮತ್ತೆ, ನೀರಲ್ಲಿ ಆಡಿ ಬಂದ್ರೆ ಮತ್ತೆ. ಕಿವಿ, ಕುತ್ತಿಗೆ ಹಿಂಭಾಗ, ಪಾದದ ಮೇಲ್ಭಾಗ ಎಲ್ಲರಿಗೂ ಮರೆತು ಹೋಗತ್ತೆ. ಸೊಳ್ಳೆ ಕ್ರೀಮೂ ಬೇಕಾದ್ರೆ ಸನ್‌ಸ್ಕ್ರೀನ್ ಆದ್ಮೇಲೆ ಹಚ್ಚಿ, ಅಂಗೈ ಬೆರಳಿಗೆ ಬೇಡ, ಬಾಯಿಗೆ ಹಾಕ್ಕೊಳ್ತಾರೆ. ಬೆವರುಸಾಲೆ ಎದ್ದಿರೋ ಜಾಗಕ್ಕೆ ಎಣ್ಣೆ, ದಪ್ಪ ಕ್ರೀಮ್ ಮೆತ್ಬೇಡಿ, ತಣ್ಣೀರಲ್ಲಿ ಒರೆಸಿ ಚೆನ್ನಾಗಿ ಆರೋಕೆ ಬಿಡಿ, ಸಡಿಲ ಹತ್ತಿ ಬಟ್ಟೆ ಹಾಕಿ.

ಪುಟಾಣಿ_ಅಮ್ಮ

ಎಲ್ರಿಗೂ ತುಂಬಾ ಥ್ಯಾಂಕ್ಸ್, ನಿಜವಾಗ್ಲೂ ಧೈರ್ಯ ಬಂತು. ಚಿನ್ನು ಅಪ್ಪ ಅವರೇ, ನೀವು ಬರೆದಿದ್ದನ್ನ ಇವತ್ತೇ ಮನೆ ಗ್ರೂಪಿಗೆ ಕಳಿಸ್ದೆ, ಮಾವ ಓದಿ ತಾವೇ ಬೇಗ ಹೊರಡೋಣ ಅಂದ್ರು. ಎರಡು ಕಾರಲ್ಲಿ ಹೋಗೋದು ಅಂತಾಯ್ತು. ನರ್ಸ್ ಅಕ್ಕ, ಒಂದೇ ಡೌಟು, ಬಿಸಿಲಿಗೆ ಹೋಗ್ತೀವಲ್ಲ ಅಂತ ಮುಂಚೇನೇ ಓಆರ್‌ಎಸ್ ಕುಡಿಸ್ತಾ ಇರ್ಬೇಕಾ? ಮತ್ತೆ ಬಿಸಿಲು ತಾಗಿದ್ರೆ ಬರೀ ಸುಸ್ತೋ ನಿಜವಾಗ್ಲೂ ಅಪಾಯಾನೋ ಹೇಗೆ ಗೊತ್ತಾಗತ್ತೆ?

ಮಕ್ಕಳ_ವಾರ್ಡ್_ನರ್ಸ್

ಆರಾಮಾಗಿ ಆಡ್ತಿರೋ ಮಗುಗೆ ಸುಮ್ನೆ ಓಆರ್‌ಎಸ್ ಬೇಡಮ್ಮ, ನೀರು ಹಾಲು ಸಾಕು. ವಾಂತಿ ಭೇದಿ ಶುರುವಾದ್ರೆ, ನಾನು ಮೇಲೆ ಹೇಳಿದ ಲಕ್ಷಣ ಕಂಡ್ರೆ ಆಗ ಬೇಕು, ಅದಕ್ಕೆ ಒಂದು ಪ್ಯಾಕೆಟ್ ಬ್ಯಾಗಲ್ಲಿರ್ಲಿ. ಒಂದು ಲೀಟರಿನ ಪ್ಯಾಕೆಟ್ ಆದ್ರೆ ಪೂರ್ತಿ ಒಂದು ಲೀಟರ್ ಕುಡಿಯೋ ನೀರಿಗೇ ಹಾಕಿ, ಅರ್ಧ ಲೋಟಕ್ಕೆ ಒಂಚೂರು ಪುಡಿ ಅಂತ ಅಂದಾಜಲ್ಲಿ ಕಲಸಿದ್ರೆ ಉಪ್ಪು ಜಾಸ್ತಿಯಾಗಿ ಮಗುಗೆ ತೊಂದರೆ. ಕಲಸಿದ್ದು 24 ಗಂಟೆ ಆದ್ಮೇಲೆ ಚೆಲ್ಲಿ. ಜ್ಯೂಸು, ಸಾಫ್ಟ್ ಡ್ರಿಂಕ್ ಇದ್ರ ಬದಲಿಗೆ ಆಗಲ್ಲ.

ಬರೀ ಸುಸ್ತಾದ ಮಗು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ನೀರು ಕೊಟ್ರೆ ಸ್ವಲ್ಪ ಹೊತ್ತಲ್ಲಿ ಚೇತರಿಸ್ಕೊಂಡು ಮತ್ತೆ ಆಟಕ್ಕೆ ನೋಡತ್ತೆ. ಮೈ ಕೆಂಡದಂಗೆ ಸುಡ್ತಿದೆ, ಕರೆದ್ರೆ ಸರಿಯಾಗಿ ನೋಡ್ತಿಲ್ಲ, ಜೋಲು ಬಿದ್ದಿದೆ, ಪದೇಪದೇ ವಾಂತಿ, ಫಿಟ್ಸ್ ಥರ ಕೈಕಾಲು ಅದುರೋದು, ಇದ್ರಲ್ಲಿ ಯಾವುದೊಂದು ಕಂಡ್ರೂ ಅದು ಹೀಟ್ ಸ್ಟ್ರೋಕ್ ಇರಬಹುದು, ಒಬ್ಬರು ತಕ್ಷಣ ಆಂಬುಲೆನ್ಸ್ ಕರೀಲಿ, ಇನ್ನೊಬ್ಬರು ಅಷ್ಟ್ರೊಳಗೇ ಬಟ್ಟೆ ಬಿಚ್ಚಿ ಮೈಮೇಲೆಲ್ಲ ತಣ್ಣೀರು ಹಾಕಿ ಬೀಸ್ತಾ ಇರಿ. ಎಚ್ಚರ ತಪ್ಪಿರೋ ಮಗು ಬಾಯಿಗೆ ನೀರು ಹಾಕ್ಬೇಡಿ. ಜ್ವರದ ಔಷಧಿ ಕೊಟ್ಟು ಕಾಯ್ಬೇಡಿ, ಅದು ಈ ಬಿಸಿ ಇಳಿಸಲ್ಲ.

ಎರಡ್_ಮಕ್ಕಳ_ತಾಯಿ

ಎರಡು ಕಾರು ಅಂದ್ರಲ್ಲ, ಕೇಳಿ ಸಮಾಧಾನ ಆಯ್ತು! ಹಾಗಾದ್ರೆ ನಿಮ್ಮ ಬ್ಯಾಗೂ ಬೇರೆ ಮಾಡ್ಕೊಳ್ಳಿ, ಡೈಪರು ಬಟ್ಟೆ ಎಲ್ಲ ನಾದಿನಿ ಕಾರಲ್ಲಿ ಉಳಿದುಹೋದ್ರೆ ಕಷ್ಟ. ಮತ್ತೆ ಪಾರ್ಕಲ್ಲಿ ಜಾರುಬಂಡಿ ಇದ್ರೆ ಕೂರಿಸೋ ಮುಂಚೆ ನಿಮ್ಮ ಕೈ ಹಿಂಭಾಗ ಒತ್ತಿ ನೋಡಿ, ತಗಡಿಂದು ಮಾತ್ರ ಅಲ್ಲ ಪ್ಲಾಸ್ಟಿಕ್ಕಿಂದೂ ಸುಡತ್ತೆ, ಕೆಳಗಡೆ ಹಾಸಿರೋ ರಬ್ಬರೂ ಅಷ್ಟೇ, ಬರಿಗಾಲಲ್ಲಿ ಬಿಡ್ಬೇಡಿ. ಹೋಗ್ಬಂದು ಹೇಗಾಯ್ತು ಅಂತ ಬರೀರಿ, ನಮ್ಮ ಚಿಕ್ಕೋನಿಗೂ ಮುಂದಿನ ಬೇಸಿಗೆಗೆ ಅಷ್ಟೇ ವಯಸ್ಸಾಗತ್ತೆ.